ಮೇಜು ಯಾಕೆ ಹೆಣ್ಣು?

ಹದಿಮೂರು ವರ್ಷ ಹೋಟೆಲಿನ ರಿಸೆಪ್ಷನ್ ಕೌಂಟರಿನ ಹಿಂದೆ ನಿಂತು ಫ್ರೆಂಚ್ ಮಾತಾಡಿದವಳಿಗೆ, ಮಕ್ಕಳ ಮುಂದೆ ನಿಂತು ಅದೇ ಫ್ರೆಂಚನ್ನು ಕಲಿಸುವುದು ನೀರು ಕುಡಿದಷ್ಟು ಸಲೀಸು ಅನ್ನಿಸಿತ್ತು. ಹೋಟೆಲು ಕೈಬದಲಾಗಿ, ಕೊಂಡವರು ಅದನ್ನು ಕಚೇರಿ ಮಾಡಿಕೊಂಡಾಗ ಅವಳಿಗೆ ನಲವತ್ತೊಂದು. ಡಿಗ್ರಿ ಇತ್ತು, ಭಾಷೆ ಬಾಯಲ್ಲಿ ಆಡುತ್ತಿತ್ತು. ಹೈಸ್ಕೂಲಿನಲ್ಲಿ ವಿದೇಶಿ ಭಾಷೆ ಕಲಿಸಬೇಕೆನ್ನುವವರಿಗೆ ಒಂದು ವರ್ಷದ ತರಬೇತಿ ಇದೆಯೆಂದು ಕೇಳಿ ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಕಾಲೇಜಿನಲ್ಲಿ ಉಳಿದವರೆಲ್ಲ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ ಹುಡುಗಿಯರು. ಮೊದಲ ವಾರದಲ್ಲೇ ಅವಳಿಗೆ ‘ಹೋಟೆಲಕ್ಕ’ ಎಂದು ಹೆಸರಿಟ್ಟರು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ, ಹೆಸರು ನಿಂತಿತು.

ಮೂರನೆಯ ತಿಂಗಳಿಗೆ ಅವಳನ್ನು ಒಂದು ಹೈಸ್ಕೂಲಿಗೆ ಅಭ್ಯಾಸಕ್ಕೆ ಕಳಿಸಿದರು. ಒಂಬತ್ತನೆಯ ತರಗತಿ, ಮೂವತ್ತಾರು ಮಕ್ಕಳು. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಫ್ರೆಂಚ್ ಹೇಳಿಕೊಡುತ್ತಿದ್ದ ಹಿರಿಯ ಟೀಚರ್ ಒಬ್ಬರು ಅವಳ ಪಾಠ ನೋಡಿ ತಿದ್ದಬೇಕಿತ್ತು. ಆಕೆ ಕೊನೆಯ ಬೆಂಚಿನಲ್ಲಿ, ಕಿಟಕಿ ಪಕ್ಕ, ನೀಲಿ ರಟ್ಟಿನ ನೋಟ್‌ಬುಕ್ ತೆರೆದು ಕೂತರೆ ಇದ್ದಾರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮೊದಲ ಪಾಠ ವಸ್ತುಗಳ ಹೆಸರು. ಹೋಟೆಲಕ್ಕ ಬೋರ್ಡಿನ ಮೇಲೆ ಎರಡು ಸಾಲು ಎಳೆದಳು. ಫ್ರೆಂಚಿನಲ್ಲಿ ಪ್ರತಿ ವಸ್ತುವೂ ಗಂಡು, ಇಲ್ಲವೇ ಹೆಣ್ಣು. ಗಂಡಿಗೆ ಮುಂದೆ ‘ಲ’ ಹಚ್ಚಬೇಕು, ಹೆಣ್ಣಿಗೆ ‘ಲಾ’. ಪುಸ್ತಕ ಗಂಡು, ಲ ಲೀವ್ರ್. ಮೇಜು ಹೆಣ್ಣು, ಲಾ ತಾಬ್ಲ್. ಮಕ್ಕಳು ಬರೆದುಕೊಳ್ಳುತ್ತಿದ್ದರು. ಎರಡನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದ, ಬೆರಳಿಗೆಲ್ಲ ಶಾಯಿ ಮಾಡಿಕೊಂಡ ಹುಡುಗಿ.

“ಮಿಸ್, ಮೇಜು ಯಾಕೆ ಹೆಣ್ಣು?”

ಒಂದಿಬ್ಬರು ಕಿಸಕ್ಕೆಂದರು. ಹುಡುಗಿ ತಮಾಷೆಗೆ ಕೇಳಿರಲಿಲ್ಲ; ನಮ್ಮ ಭಾಷೆಯಲ್ಲಿ ಕರು ಹಾಕುವ ಹಸುವಿಗೇ ‘ಅದು’ ಅನ್ನುತ್ತೇವೆ, ಇವರು ಮರದ ಮೇಜಿಗೆ ‘ಅವಳು’ ಅನ್ನುತ್ತಾರಲ್ಲ, ಯಾರು ತೀರ್ಮಾನ ಮಾಡಿದ್ದು ಎಂಬುದು ಅವಳ ಪ್ರಶ್ನೆ. ಹೋಟೆಲಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂಬ ಮಾತನ್ನು ಗಿರಾಕಿಯ ಎದುರು ಆಡಕೂಡದೆಂದು ಹೋಟೆಲಿನ ಮ್ಯಾನೇಜರ್ ಹದಿಮೂರು ವರ್ಷ ಪಾಠ ಮಾಡಿದ್ದ. ಅದು ನಿಯಮ, ಬಾಯಿಪಾಠ ಮಾಡಿದರೆ ಸಾಕು ಎಂದು ನಗುನಗುತ್ತಲೇ ಹೇಳಿ ಮುಂದಿನ ಪದಕ್ಕೆ ಹೋದಳು. ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಗಂಟೆ ಹೊಡೆಯುವವರೆಗೂ ಈ ಕಡೆ ನೋಡಲಿಲ್ಲ.

ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹಿರಿಯ ಟೀಚರ್ ಟೀ ಬಗ್ಗಿಸಿಕೊಂಡು, ದನಿ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ, ಸಮಯಕ್ಕೆ ಸರಿಯಾಗಿ ಮುಗಿಸಿದಿರಿ ಎಂದು ಒಂದೊಂದೇ ಹೇಳಿದರು. ಆ ಹುಡುಗಿಗೆ ಸ್ಟಾಫ್ ರೂಮಿನಲ್ಲೆಲ್ಲ ‘ಯಾಕಮ್ಮ’ ಅಂತಲೇ ಹೆಸರು, ವಿಜ್ಞಾನದ ಮೇಷ್ಟ್ರಂತೂ ಅವಳನ್ನು ಕಂಡರೆ ಕಾರಿಡಾರ್ ಬದಲಿಸುತ್ತಾರೆ ಅಂದರು. ಆಮೇಲೆ ಲೋಟ ಕೆಳಗಿಟ್ಟು ಕೇಳಿದರು:

“ಮೇಜು ಯಾಕೆ ಹೆಣ್ಣು ಅಂತ ನಿಮಗೆ ಗೊತ್ತಾ?”

“ಇಲ್ಲ.”

“ನನಗೂ ಸರಿಯಾಗಿ ಗೊತ್ತಿಲ್ಲ. ಆದರೆ ನೀವು ಗೊತ್ತಿದ್ದೂ ಹೇಳದವರ ಥರ ಮುಖ ಮಾಡಿದ್ರಿ. ಮಕ್ಕಳು ಅದನ್ನ ಬೇಗ ಕಂಡುಹಿಡೀತಾರೆ.”

ಮಾತು ಬೈಗುಳವಾಗಿರಲಿಲ್ಲ. ಆದರೂ ಬಸ್ಸಿನಲ್ಲಿ ಮನೆ ಸೇರುವವರೆಗೆ ಅದು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಚುಚ್ಚುತ್ತಲೇ ಇತ್ತು.

ಮನೆಯಲ್ಲಿ ಮೂವರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿಯ ಓದಿನ ವಿಷಯಕ್ಕೆ ಬಂದರೆ ‘ನೀನುಂಟು, ನಿನ್ನ ಪುಸ್ತಕ ಉಂಟು’ ಎಂದು ನಕ್ಕು ಸುಮ್ಮನಾಗುವವನು. ಅತ್ತೆಗೆ ಎಪ್ಪತ್ತೆರಡು. ಜೀವಮಾನವೆಲ್ಲ ಟೈಲರ್ ಕೆಲಸ ಮಾಡಿದವರು. ಈಗಲೂ ಬೀದಿಯವರ ಬಟ್ಟೆಗೆ ಅಂಚು ಹೊಲಿದುಕೊಡುತ್ತಿದ್ದರು. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎನ್ನುವ ಹಾಗೆ ಆಕೆಯ ಕಿವಿ, ಕಣ್ಣು, ಬಾಯಿ ಮೂರೂ ಚುರುಕು.

ಆ ಸಂಜೆ ಹೋಟೆಲಕ್ಕ ಊಟದ ಮೇಜಿನ ಮೇಲೆ ನಿಘಂಟು ಹರಡಿಕೊಂಡು, ಹೆಣ್ಣು ಪದಗಳದೊಂದು ಪಟ್ಟಿ, ಗಂಡು ಪದಗಳದೊಂದು ಪಟ್ಟಿ ಮಾಡಿ ಮಣಮಣ ಓದಿಕೊಳ್ಳುತ್ತಿದ್ದಳು. ಹೋಟೆಲಿನಲ್ಲಿ ದಿನಾ ಆಡಿದ ಪದಗಳೇ: ಚಮಚದ ಜೊತೆಗಿಡುವ ಫೋರ್ಕಿಗೆ ಫುರ್ಷೆತ್, ಕೈ ಒರೆಸುವ ವಸ್ತ್ರಕ್ಕೆ ಸೆರ್ವ್ಯೆತ್, ಮಹಡಿಗೆ ಎತಾಜ್, ಪ್ರಯಾಣಕ್ಕೆ ವ್ವಾಯಾಜ್. ಅತ್ತೆ ಕಿಟಕಿ ಹತ್ತಿರ ಲಂಗದ ಅಂಚು ಮಡಿಸುತ್ತಾ ಕೂತಿದ್ದರು. ತಲೆ ಎತ್ತದೆಯೇ, ಈ ‘ಎತ್’ ಅಂತ ಕೊನೆಯಾಗೋದೆಲ್ಲ ಹೆಣ್ಣಾ, ಆ ‘ಆಜ್’ ಅನ್ನೋದೆಲ್ಲ ಗಂಡಾ ಎಂದು ಕೇಳಿದರು.

ಹೋಟೆಲಕ್ಕ ಓದುವುದನ್ನು ನಿಲ್ಲಿಸಿದಳು. ಹದಿಮೂರು ವರ್ಷ ಆ ಪದಗಳನ್ನು ತಪ್ಪಿಲ್ಲದೆ ಆಡಿದ್ದಳು, ಒಂದು ದಿನವೂ ಅವುಗಳ ಬಾಲ ನೋಡಿರಲಿಲ್ಲ. ಫ್ರೆಂಚಿನ ಗಂಧಗಾಳಿ ಇಲ್ಲದ ಅತ್ತೆ ಬರೀ ಕಿವಿಯಿಂದ ಹಿಡಿದಿದ್ದರು. ಇಬ್ಬರೂ ಕೂತು ನಿಘಂಟಿನ ಹಾಳೆ ತಿರುವಿದರು. ‘ಎತ್’ ಗುಂಪಿನಲ್ಲಿ ನಲವತ್ತು ಪದ ಸಿಕ್ಕವು, ನಲವತ್ತೂ ಹೆಣ್ಣು. ‘ಆಜ್’ ಗುಂಪಿನಲ್ಲಿ ಬಹುಪಾಲು ಗಂಡು, ಆದರೆ ಸಮುದ್ರದ ದಂಡೆ, ಪಂಜರ, ಪುಸ್ತಕದ ಪುಟ, ಇಂಥ ಕೆಲವು ಮಾತ್ರ ಹೆಣ್ಣಾಗಿ ಕೂತಿದ್ದವು. ಅವು ಯಾಕೆ ಹಾಗೆ ಎಂದು ಅತ್ತೆ ಕೇಳಿದರು. ಸೊಸೆ ನಕ್ಕುಬಿಟ್ಟಳು. ಮನೆಯಲ್ಲೂ ಒಬ್ಬ ಯಾಕಮ್ಮ ಇದ್ದಾರೆ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು.

ಅಲ್ಲಿಂದ ಅವಳಿಗೊಂದು ಹುಚ್ಚು ಹಿಡಿಯಿತು. ಕಾಲೇಜಿನ ಲೈಬ್ರರಿಯಲ್ಲಿ ಫ್ರೆಂಚ್ ಪದಗಳ ಹುಟ್ಟನ್ನು ಇಂಗ್ಲಿಷಿನಲ್ಲಿ ಹೇಳುವ ದಪ್ಪ ನಿಘಂಟೊಂದಿತ್ತು. ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ, ತೆಗೆದರೆ ಸೀನು ಬರುತ್ತಿತ್ತು. ಅದರ ಪ್ರಕಾರ ಮೇಜಿನ ಪದ ಬಂದದ್ದು ಲ್ಯಾಟಿನ್‌ನಿಂದ, ಅಲ್ಲೂ ಅದು ಹೆಣ್ಣೇ. ಅಂದರೆ ತಾಯಿ ಹೆಣ್ಣಾಗಿದ್ದಳು, ಮಗಳೂ ಹೆಣ್ಣಾದಳು. ತಾಯಿ ಯಾಕೆ ಹೆಣ್ಣು? ಆ ಪ್ರಶ್ನೆಗೆ ದಪ್ಪ ನಿಘಂಟೂ ಕೈಚೆಲ್ಲಿತ್ತು.

ಮುಂದಿನ ವಾರ ಅರವತ್ತು ಪದಗಳನ್ನು ಚೀಟಿಯಲ್ಲಿ ಬರೆದು, ಹೆಣ್ಣಿಗೆ ಹಸಿರು ಗೆರೆ, ಗಂಡಿಗೆ ಕೆಂಪು ಗೆರೆ ಎಳೆದು ತರಗತಿಗೆ ಒಯ್ದಳು. ಗುಂಪು ಗುಂಪಾಗಿ ಕೂತು ಗುಟ್ಟು ಪತ್ತೆಹಚ್ಚಿ ಅಂದಳು. ಏನು ಹುಡುಕಬೇಕು, ಎಷ್ಟು ಹೊತ್ತು ಎಂದು ಹೇಳುವುದನ್ನು ಮರೆತಿದ್ದಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಒಂದು ಗುಂಪು ಚೀಟಿಗಳಲ್ಲಿ ಇಸ್ಪೀಟು ಶುರುಮಾಡಿತು, ಇನ್ನೊಂದು ಬಣ್ಣಕ್ಕೆ ಜಗಳ ತೆಗೆಯಿತು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, ಇಲ್ಲಿ ಟೀಚರ್ ಇದ್ದಾರಾ ಎಂದು ವಿಚಾರಿಸಿದರು. ಹೋಟೆಲಕ್ಕ ಕೈ ಎತ್ತಬೇಕಾಯಿತು. ಕೊನೆಯ ಬೆಂಚಿನಲ್ಲಿದ್ದ ಹಿರಿಯ ಟೀಚರ್ ಕೂತಲ್ಲಿಂದ ಅಲ್ಲಾಡಲಿಲ್ಲ. ಆಮೇಲೆ ಹೇಳಿದ್ದಿಷ್ಟೇ: ಯೋಚನೆ ಒಳ್ಳೆಯದು, ಹಂಚಿದ್ದು ಕೆಟ್ಟದ್ದು, ನಾಳೆ ಇಪ್ಪತ್ತೇ ಚೀಟಿ ತನ್ನಿ, ಕೊನೆಯ ಸದ್ದು ಕೇಳಿ ಅಂತ ಮೊದಲೇ ಹೇಳಿ.

ಮರುದಿನ ಆರು ನಿಮಿಷಕ್ಕೆ ಗುಟ್ಟು ಬಯಲಾಯಿತು. ಹಿಂದಿನ ಸಾಲಿನಲ್ಲಿ ಯಾವಾಗಲೂ ತೂಕಡಿಸುವವನೊಬ್ಬ ಎದ್ದು, ನಾವೂ ಕಮ್ಮಿಯೇನಲ್ಲ, ಸೂರ್ಯ ಹುಟ್ಟಿದ, ಚಂದ್ರ ಮುಳುಗಿದ ಅಂತ ಗಂಡು ಮಾಡಿದ್ದೀವಲ್ಲ ಅಂದ. ಫ್ರೆಂಚಿನಲ್ಲಿ ಸೂರ್ಯ ಗಂಡು, ಚಂದ್ರ ಮಾತ್ರ ಹೆಣ್ಣು ಎಂದು ಹೋಟೆಲಕ್ಕ ಹೇಳಿದಾಗ ಇಡೀ ತರಗತಿಯಲ್ಲಿ ಗುಸುಗುಸು ಎದ್ದಿತು. ಯಾಕಮ್ಮ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡಳು.

ಎರಡು ತಿಂಗಳ ಮೇಲೆ ಪರೀಕ್ಷೆಯ ಪಾಠ ಬಂತು. ಹೊರಗಿನ ಕಾಲೇಜಿನಿಂದ ಪರೀಕ್ಷಕರೊಬ್ಬರು ಬಂದು ಕೂರುತ್ತಾರೆ, ಅವರ ಅಂಕದ ಮೇಲೆ ತರಬೇತಿಯ ಹಣೆಬರಹ. ತೆಳ್ಳಗಿನ ಮನುಷ್ಯ, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು. ಹೋಟೆಲಕ್ಕನ ಯೋಜನೆ ಅಚ್ಚುಕಟ್ಟಾಗಿತ್ತು: ಹತ್ತು ನಿಮಿಷ ಹಳೆಯ ಪದ, ಹದಿನೈದು ನಿಮಿಷ ಸಂಭಾಷಣೆ, ಕೊನೆಗೆ ಬರವಣಿಗೆ. ಎಂಟನೆಯ ನಿಮಿಷಕ್ಕೆ ಯಾಕಮ್ಮನ ಕೈ ಮೇಲೆದ್ದಿತು. ಅವಳು ಪದಕೋಶದಲ್ಲಿ ಅಸ್ಥಿಪಂಜರ ಎಂಬ ಪದ ನೋಡಿದ್ದಳಂತೆ. ಅದು ಸ್ಕೆಲೆತ್. ಬಾಲ ‘ಎತ್’, ಆದರೆ ಮುಂದೆ ಇರುವುದು ‘ಲ’. ಗಂಡು.

ಹೋಟೆಲಕ್ಕನಿಗೆ ಆ ಪದ ಗೊತ್ತಿತ್ತು, ಆದರೆ ಹೋಟೆಲಿನಲ್ಲಿ ಯಾರೂ ಅಸ್ಥಿಪಂಜರ ಕೇಳಿರಲಿಲ್ಲ. ಅಚ್ಚಿನ ತಪ್ಪಿರಬೇಕು ಅನ್ನಬಹುದಿತ್ತು. ಆಮೇಲೆ ನೋಡೋಣ ಅಂದಿದ್ದರೂ ಪರೀಕ್ಷಕರು ಏನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ಅವಳಿಗೆ ಒಂದು ಆಸೆ ಹುಟ್ಟಿತ್ತು, ಇದು ಯಾಕೆ ಹೀಗೆ ಎಂದು ತಿಳಿಯುವ ಆಸೆ.

“ನನಗೆ ಗೊತ್ತಿಲ್ಲ,” ಅಂದಳು. “ನಿಜವಾಗ್ಲೂ ಗೊತ್ತಿಲ್ಲ. ಯಾರಿಗಾದ್ರೂ ಏನಾದ್ರೂ ಹೊಳೀತಾ?”

ಊಹೆಗಳು ಬಂದವು: ಸತ್ತವರೆಲ್ಲ ಗಂಡಸರಿರಬೇಕು, ಮೂಳೆ ಗಟ್ಟಿಯಲ್ಲವೇ ಅದಕ್ಕೆ. ಹೋಟೆಲಕ್ಕ ಲೈಬ್ರರಿಯಿಂದ ತಂದಿದ್ದ ದಪ್ಪ ನಿಘಂಟನ್ನು ಚೀಲದಿಂದ ತೆಗೆದು ಮುಂದಿನ ಬೆಂಚಿಗೆ ಕೊಟ್ಟಳು. ಅದರ ಗಿಜಿಗಿಜಿ ಅಕ್ಷರದಲ್ಲಿ ಮಕ್ಕಳು ಪದ ಹುಡುಕುವಾಗ ಒಂಬತ್ತು ನಿಮಿಷ ಹೋಯಿತು. ಓದಿ ಹೇಳಿದವಳು ಯಾಕಮ್ಮನೇ, ತೊದಲುತ್ತ. ಉಳಿದ ‘ಎತ್’ಗಳು ಪದದ ಕೊನೆಗೆ ಅಂಟಿಸಿದ ಹೆಣ್ಣು ಬಾಲ, ಸ್ಕೆಲೆತ್ ಗ್ರೀಕಿನಿಂದ ನೇರವಾಗಿ ಬಂದ ಪದ, ಅದರದ್ದು ಅಂಟಿಸಿದ ಬಾಲವೇ ಅಲ್ಲ, ಹುಟ್ಟಿನಿಂದ ಬಂದ ಮೈ. ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಾಗುವುದಿಲ್ಲ ಎಂದು ತೂಕಡಿಸುವವನು ಗಂಭೀರವಾಗಿ ತೀರ್ಪು ಕೊಟ್ಟ. ಆಮೇಲೆ ಸಂಭಾಷಣೆ ಶುರುಮಾಡಿದಳು, ನಡುವೆಯೇ ಗಂಟೆ ಹೊಡೆಯಿತು. ಸಂಭಾಷಣೆ ಅರ್ಧಕ್ಕೆ ನಿಂತಿತ್ತು, ಬರವಣಿಗೆ ಶುರುವೇ ಆಗಿರಲಿಲ್ಲ.

ಪರೀಕ್ಷಕರು ಗಡಿಯಾರ ಕಟ್ಟಿಕೊಳ್ಳುತ್ತ, ಯೋಜನೆಯ ಅರ್ಧ ಪಾಠ ಆಗಿಲ್ಲವಾದ್ದರಿಂದ ತೇರ್ಗಡೆ ಮಾಡುವ ಹಾಗಿಲ್ಲ, ಮೂರು ವಾರದ ಮೇಲೆ ಇನ್ನೊಂದು ಪಾಠ ತೋರಿಸಬೇಕು ಎಂದರು. ಅವಳ ಮುಖ ಚಿಕ್ಕದಾಯಿತು. ಬಾಗಿಲವರೆಗೆ ಹೋದವರು ತಿರುಗಿ, ಆ ನಿಘಂಟಿನ ಹೆಸರೇನು ಎಂದು ಕೇಳಿ ಬರೆದುಕೊಂಡು ಹೋದರು.

ಎರಡನೆಯ ಪಾಠಕ್ಕೆ ಅವಳು ಹೊಸದೊಂದು ಕಲಿತಿದ್ದಳು: ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ಪಾಠದ ದಾರಿ ತಪ್ಪಿಸುವ ಪ್ರಶ್ನೆಗಳನ್ನು ಅಲ್ಲಿ ಬರೆಸಿ, ಶುಕ್ರವಾರದ ಕೊನೆಯ ಕಾಲು ಗಂಟೆಗೆ ಮೀಸಲಿಡುವುದು. ಸಂಭಾಷಣೆ ಮುಗಿಯಿತು, ಬರವಣಿಗೆಯೂ ಮುಗಿಯಿತು. ಹೇಳಿಕೊಳ್ಳುವಂಥ ಪಾಠವೇನಲ್ಲ, ಆದರೆ ತೇರ್ಗಡೆಯಾಯಿತು. ಪತ್ರ ಬಂದ ದಿನ ಅತ್ತೆ ಕನ್ನಡಕ ಹಾಕಿಕೊಂಡು ತಾವೇ ಓದಬೇಕೆಂದು ಹಟ ಹಿಡಿದರು. ಗಂಡ ಡಿಪೋಗೆ ಫೋನ್ ಮಾಡಿ ಅರ್ಧ ದಿನ ರಜೆ ಹಾಕಿದ.

ಅಭ್ಯಾಸದ ಶಾಲೆಯಿಂದ ಹೊರಡುವ ದಿನ ಹಿರಿಯ ಟೀಚರ್ ಅವಳನ್ನು ಬದಿಗೆ ಕರೆದು, ಹನ್ನೊಂದು ವರ್ಷದಿಂದ ಒಂದೇ ನೋಟ್ಸಿನಲ್ಲಿ ಪಾಠ ಮಾಡುತ್ತಿದ್ದೇನೆ ಎಂದು ಮೆಲ್ಲಗೆ ಒಪ್ಪಿಕೊಂಡರು. ಆ ಅರವತ್ತು ಚೀಟಿಗಳನ್ನು ಬಿಟ್ಟುಹೋಗಲು ಸಾಧ್ಯವೇ ಎಂದು ಕೇಳುವಾಗ ಆಕೆಗೆ ತುಸು ನಾಚಿಕೆಯಾದಂತಿತ್ತು. ಹೋಟೆಲಕ್ಕ ಚೀಟಿಯ ಡಬ್ಬಿಯನ್ನು ಅವರ ಕೈಗಿತ್ತಳು.

ಗೋಡೆಯ ಹಾಳೆಯನ್ನು ಮಾತ್ರ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅದರಲ್ಲಿ ಕೊನೆಯ ಪ್ರಶ್ನೆ ಶಾಯಿ ಮೆತ್ತಿದ ಅಕ್ಷರದಲ್ಲಿತ್ತು: ಫ್ರೆಂಚ್ ಹುಡುಗಿ ನಮ್ಮ ಭಾಷೆ ಕಲಿಯಲು ಬಂದರೆ, ಮಗುವನ್ನು ‘ಅದು’ ಅನ್ನುತ್ತೀರಲ್ಲ, ಎಷ್ಟನೆಯ ವಯಸ್ಸಿಗೆ ಅದು ‘ಅವಳು’ ಆಗುತ್ತದೆ ಎಂದು ಕೇಳಿದರೆ ಏನು ಹೇಳುವುದು? ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಒಬ್ಬ ತಾಯಿ ಎರಡು ವರ್ಷದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಕ್ಕದವಳ ಜೊತೆ ಅದರ ಹಲ್ಲಿನ ವಿಷಯ ಮಾತಾಡುತ್ತಿದ್ದಳು. ಹೋಟೆಲಕ್ಕ ಕಿಟಕಿಯ ಹೊರಗೆ ನೋಡುವವಳಂತೆ ಕೂತು, ಆ ತಾಯಿ ಎಷ್ಟು ಸಲ ‘ಅದು’ ಅನ್ನುತ್ತಾಳೆ, ಎಷ್ಟು ಸಲ ‘ಇವಳು’ ಅನ್ನುತ್ತಾಳೆ ಎಂದು ಎಣಿಸತೊಡಗಿದಳು. ಎಣಿಸುತ್ತ ಎಣಿಸುತ್ತ ತನ್ನ ಸ್ಟಾಪು ದಾಟಿಹೋಯಿತು.