ಸಲೂನ್ ಮಾಮನ ಹೆಗಲ ಮೇಲಿನ ಟವೆಲ್

ಒಂದು ವಾರದಿಂದ ಆ ಬೀದಿಯ ಗಂಡಸರೆಲ್ಲ ಕಪ್ಪು ಕನ್ನಡಕ ಏರಿಸಿಕೊಂಡು ಸಿನಿಮಾ ಹೀರೋಗಳಂತೆ ಓಡಾಡುತ್ತಿದ್ದರು. ಕನ್ನಡಕ ತೆಗೆದರೆ ಮಾತ್ರ ಕಣ್ಣು ಕೆಂಡ. ದಿನಸಿ ಅಂಗಡಿಯವನಿಗೆ ಕಣ್ಣು ಬೇನೆ, ಪೋಸ್ಟ್‌ಮ್ಯಾನ್‌ಗೆ ಕಣ್ಣು ಬೇನೆ, ಎದುರು ಮನೆ ಮೇಷ್ಟ್ರಿಗಂತೂ ಎರಡೂ ಕಣ್ಣಿಗೆ. ಬೀದಿಯ ಕೊನೆಯಲ್ಲಿ ಸಲೂನ್ ಮಾಮ ಖಾಲಿ ಕುರ್ಚಿ ಒರೆಸುತ್ತಾ, ಇದೆಲ್ಲ ಕೆಟ್ಟ ಗಾಳಿಯ ಕೆಲಸ ಎಂದು ಗಾಳಿಯನ್ನೇ ಬೈಯುತ್ತಿದ್ದ.

ಅವನಿಗೆ ಇದಕ್ಕಿಂತ ದೊಡ್ಡ ತಲೆನೋವು ಮನೆಯಲ್ಲಿತ್ತು. ಹನ್ನೆರಡನೇ ತರಗತಿ ಪಾಸಾದ ಮಗಳು ಕಾಲೇಜಿನ ಅರ್ಜಿ ಹಿಡಿದು ಅಪ್ಪನ ಸಹಿಗೆ ಕಾಯುತ್ತಿದ್ದಳು. ಶುಕ್ರವಾರವೇ ಕೊನೆಯ ದಿನ. ಪದವಿ ಯಾವುದೆಂದರೆ ಜಾಗತಿಕ ಸಾರ್ವಜನಿಕ ಆರೋಗ್ಯ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅಪ್ಪನಿಗೆ ಉಸಿರು ಕಟ್ಟಿತ್ತು.

"ಡಾಕ್ಟರ್ ಆಗ್ತೀಯಾ ಅಂದ್ರೆ ಇಲ್ಲ ಅಂತೀಯ. ನರ್ಸಾ ಅಂದ್ರೆ ಅದೂ ಅಲ್ಲ. ಮಾತ್ರೆ ಕೊಡದ, ಸೂಜಿ ಚುಚ್ಚದ ಆರೋಗ್ಯ ಅದ್ಯಾವುದಮ್ಮ?"

"ಕಾಯಿಲೆ ಬಿದ್ದೋರನ್ನ ಡಾಕ್ಟರು ನೋಡ್ತಾರಪ್ಪ. ಕಾಯಿಲೆ ಬರೋ ದಾರಿ ಹುಡುಕಿ ಮುಚ್ಚೋರೂ ಬೇಕಲ್ಲ."

ಅಪ್ಪ ನಕ್ಕುಬಿಟ್ಟ. ಅರ್ಜಿ ಸಲೂನಿನ ಕನ್ನಡಿಯ ಹಿಂದೆ ಸೇರಿತು.

ಮಗಳು ಕೈಕಟ್ಟಿ ಕೂರುವವಳಲ್ಲ. ಎಲ್ಲರೂ ಸಿಸ್ಟರಕ್ಕ ಎಂದು ಕರೆಯುವ ಆರೋಗ್ಯ ಕೇಂದ್ರದ ನರ್ಸನ್ನು ಜೊತೆಗೆ ಕರೆದುಕೊಂಡು ಮನೆ ಮನೆ ಸುತ್ತಿದಳು. ಬೇನೆ ಯಾವತ್ತು ಶುರುವಾಯಿತು, ಅದಕ್ಕೆ ಮುಂಚೆ ಎಲ್ಲೆಲ್ಲಿಗೆ ಹೋಗಿದ್ದಿರಿ ಎಂದು ಕೇಳಿ ಬರೆದುಕೊಂಡಳು. ತಮಾಷೆಯೆಂದರೆ, ವರ್ಷಗಳಿಂದ ಗಡ್ಡ ಬಿಟ್ಟಿದ್ದ ಬಡಗಿ ತಾತನ ಕಣ್ಣು ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

ಗುರುವಾರ ಸಂಜೆ ಇಬ್ಬರೂ ಸಲೂನಿಗೆ ಬಂದರು. ಮಗಳು ಮೆಲ್ಲಗೆ ಹೇಳಿದಳು: "ಬೇನೆ ಬಂದಿರೋದು ಹನ್ನೊಂದು ಜನಕ್ಕಪ್ಪ. ಅದರಲ್ಲಿ ಒಂಬತ್ತು ಜನ ಇದೇ ಕುರ್ಚೀಲಿ ಶೇವಿಂಗ್ ಮಾಡಿಸ್ಕೊಂಡೋರು. ಉಳಿದಿಬ್ಬರು ಅವರ ಮನೆಯೋರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಮನ ಕೈಯೂ ತಾನಾಗಿಯೇ ಹೆಗಲಿಗೆ ಹೋಯಿತು. ಅಲ್ಲಿತ್ತು ಅವನ ಹೆಮ್ಮೆಯ ಟವೆಲ್. ಶೇವಿಂಗ್ ಮುಗಿದೊಡನೆ ಅದನ್ನು ಬೆಚ್ಚನೆ ನೀರಿನಲ್ಲಿ ಅದ್ದಿ, ಹಿಂಡಿ, ಗಿರಾಕಿಯ ಮುಖ ಒತ್ತಿ ಒರೆಸುವುದು ಅವನಪ್ಪ ಕಲಿಸಿಕೊಟ್ಟ ಮರ್ಯಾದೆ. ಬೆಳಗಿನಿಂದ ಸಂಜೆಯವರೆಗೆ ಎಲ್ಲರಿಗೂ ಅದೇ ಟವೆಲ್, ಅದೇ ಬೋಗುಣಿಯ ನೀರು.

"ಅಂದ್ರೆ ಬೀದಿಗೆಲ್ಲ ನಾನೇ ಹಂಚಿದ್ನಾ?" ಎಂದ ಮಾಮ. ಅವನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಬೇಕೆಂದು ಮಾಡಿದ್ದಲ್ಲವಲ್ಲ ಎಂದು ಸಿಸ್ಟರಕ್ಕ ಸಮಾಧಾನ ಹೇಳಿದಳು. ಒಬ್ಬೊಬ್ಬರಿಗೂ ಒಗೆದು ಒಣಗಿಸಿದ ಬೇರೆ ಟವೆಲ್ ಕೊಡಬೇಕು, ಪ್ರತಿ ಗಿರಾಕಿಗೂ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು, ಕಣ್ಣು ಕೆಂಪಗಿದ್ದವರು ವಾಸಿಯಾದ ಮೇಲೇ ಬರಲಿ ಎಂದಳು. ಆಮೇಲೆ ನೋಟ್‌ಬುಕ್ಕಿನ ಒಂದು ಸಾಲು ತೋರಿಸಿದಳು.

"ಲಾರಿ ಡ್ರೈವರಣ್ಣ ಇಲ್ಲಿ ಮುಖ ಒರೆಸ್ಕೊಂಡು ಹೊರಟೋರು, ದೇಶದ ಗಡಿ ದಾಟೋ ಹೊತ್ತಿಗೆ ಕಣ್ಣು ಕೆಂಪಾಗಿತ್ತಂತೆ. ಬೇನೆಗೆ ಪಾಸ್‌ಪೋರ್ಟ್ ಬೇಕಿಲ್ಲ ಮಾಮ. ಅದಕ್ಕೇ ಈ ಓದಿಗೆ ಜಾಗತಿಕ ಅಂತ ಹೆಸರು. ನಿಮ್ಮ ಮಗಳು ಪುಸ್ತಕ ಮುಟ್ಟೋಕೆ ಮುಂಚೇನೇ ಅರ್ಧ ಪಾಠ ಮುಗಿಸಿದ್ದಾಳೆ."

ಮಾಮ ಸೋಪು ಹಾಕಿ ಕೈ ತೊಳೆದ. ಕನ್ನಡಿಯ ಹಿಂದಿನಿಂದ ಅರ್ಜಿ ತೆಗೆದು ಸಹಿ ಹಾಕಿದ. ಒದ್ದೆ ಬೆರಳಿನ ಗುರುತು ಕಾಗದದ ಮೇಲೆ ಉಳಿಯಿತು, ಮಗಳು ಅದನ್ನು ಎದೆಗೊತ್ತಿಕೊಂಡು ನಕ್ಕಳು.

ಹತ್ತು ದಿನ ಕಳೆಯುವಷ್ಟರಲ್ಲಿ ಬೀದಿಯ ಕಪ್ಪು ಕನ್ನಡಕಗಳೆಲ್ಲ ಡಬ್ಬಿ ಸೇರಿದವು. ಸಲೂನಿನ ಮುಂದಿನ ಹಗ್ಗದಲ್ಲಿ ಇಪ್ಪತ್ತು ಪುಟ್ಟ ಟವೆಲ್ ಬಿಸಿಲು ಕಾಯುತ್ತಿದ್ದವು. ಬಡಗಿ ತಾತನೂ ಬಂದು, ಇನ್ನು ಧೈರ್ಯವಾಗಿ ಗಡ್ಡ ತೆಗೆಸಬಹುದೆಂದು ಕುರ್ಚಿ ಏರಿದ. "ಮಗಳು ಏನು ಓದ್ತಾಳೆ?" ಎಂದು ಯಾರಾದರೂ ಕೇಳಿದರೆ ಸಾಕು, ಮಾಮ ಆ ಉದ್ದನೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ.

ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗಳೋ ಮಗನೋ ಇಂಥ ಅರ್ಜಿ ಹಿಡಿದು ಬಂದರೆ ನಗಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಸಹಿ ಹಾಕಿ. ಹಾಗೇ ಒಮ್ಮೆ ನಿಮ್ಮ ಹೆಗಲನ್ನೂ ಮುಟ್ಟಿ ನೋಡಿಕೊಳ್ಳಿ.