ಚಿಮಣಿಗೆ ಅಂಟು ಹಚ್ಚಿದ್ದು

ಮೊದಲೇ ಹೇಳಿಬಿಡುತ್ತೇನೆ, ಅಂಟು ಹಚ್ಚಿದ್ದು ನಾನು. ನನ್ನ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಅವರಿಬ್ಬರೂ ಆರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಇದ್ದದ್ದಕ್ಕೆ ಕಾರಣವಾದ ಆ ಒಂದು ತೊಟ್ಟು ಅಂಟು ನನ್ನ ಹ್ಯಾಂಡ್‌ಬ್ಯಾಗಿನಿಂದ ಬಂದದ್ದು. ನಾನು ಬ್ಯೂಟಿ ಪಾರ್ಲರ್ ನಡೆಸುವವಳು. ಕೃತಕ ಉಗುರು ಅಂಟಿಸುವ ಸಣ್ಣ ಟ್ಯೂಬು ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ.

ವಿಷಯ ಒಂದು ಆಟದ ರೈಲಿನದು. ನಗಬೇಡಿ. ಮಕ್ಕಳು ಒಂದರ ಮೇಲೊಂದು ಒತ್ತಿ ಜೋಡಿಸುತ್ತಾರಲ್ಲ, ಆ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಕಟ್ಟಿದ ರೈಲು. ನಾವು ಮೂವರೂ ಚಿಕ್ಕವರಿದ್ದಾಗ ಅಪ್ಪ ತಂದದ್ದು. ಕಪ್ಪು ಎಂಜಿನ್, ಕೆಂಪು ಚಕ್ರ, ಮೂರು ಬೋಗಿ, ಬೂದು ಬಣ್ಣದ ಹಳಿ, ಹಳಿಯ ನಡುವೆ ಕರೆಂಟು ಹರಿಯಲು ಇನ್ನೊಂದು ಜೋಡಿ ಪಟ್ಟಿ, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯಿರುವ ಒಂದು ಕರೆಂಟು ಪೆಟ್ಟಿಗೆ. ಆ ಮಾದರಿಯನ್ನು ಈಗ ಯಾರೂ ತಯಾರಿಸುವುದಿಲ್ಲ. ಹಾಗಾಗಿ ತಲೆ ಕೂದಲು ಉದುರಿದ ಗಂಡಸರು ಅದರ ಒಂದೊಂದು ತುಂಡಿಗೂ ಊರೂರು ಅಲೆಯುತ್ತಾರೆ. ನನ್ನ ಅಣ್ಣ ತಮ್ಮಂದಿರೂ ಆ ಪಂಗಡದವರೇ.

ಅಣ್ಣನದು ಕನ್ನಡಕದ ಅಂಗಡಿ. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಪ್ರತಿ ಭಾನುವಾರ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ದೊಡ್ಡ ಮೇಜಿನ ಮೇಲೆ ರೈಲು ಓಡುತ್ತಿತ್ತು. ಒಬ್ಬ ಗುಂಡಿ ತಿರುಗಿಸುವುದು, ಇನ್ನೊಬ್ಬ ಸಿಗ್ನಲ್ ನೋಡುವುದು. ನನಗೆ ಚಿಕ್ಕಂದಿನಿಂದ ಒಂದೇ ಕೆಲಸ, ಗೇಟು. ರೈಲು ಬರುವಾಗ ಇಳಿಸು, ಹೋದ ಮೇಲೆ ಎತ್ತು. ನಲವತ್ತೆರಡು ತುಂಬಿದರೂ ನನಗೆ ಬಡ್ತಿ ಸಿಗಲಿಲ್ಲ. ಗುಂಡಿಗೆ ಕೈ ಹಾಕಿದರೆ ಸಾಕು, ಇಬ್ಬರೂ ಒಟ್ಟಿಗೆ "ಏಯ್!" ಅನ್ನುತ್ತಿದ್ದರು.

ಆರು ವರ್ಷದ ಹಿಂದೆ ಇಬ್ಬರೂ ಯಾವುದೋ ಹಳೇ ಬೋಗಿ ತರಲು ಬೇರೆ ಊರಿಗೆ ಹೋಗಿದ್ದರು. ನಾನು ಅತ್ತಿಗೆಯ ಹತ್ತಿರ ಏಣಿ ಕೇಳಲು ಹೋದವಳು ಹಿಂದಿನ ಕೋಣೆಗೆ ಇಣುಕಿದೆ. ರೈಲು ನಿಂತಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಗುಂಡಿ ತಿರುಗಿಸಿದೆ. ಆಹಾ, ಏನು ಹೇಳಲಿ! ಎರಡು ಸುತ್ತು ಮೆಲ್ಲಗೆ ಓಡಿಸಿದೆ. ಮೂರನೆಯ ಸುತ್ತಿಗೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಕಿಟಕಿಯ ಪಕ್ಕದ ತಿರುವಿನಲ್ಲಿ ಎಂಜಿನ್ ಹಳಿ ಬಿಟ್ಟು ಮೇಜಿನಿಂದ ನೆಲಕ್ಕೆ ಬಿತ್ತು.

ಚಿಮಣಿಯ ಬುಡ ಸೀಳಿತ್ತು. ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಬ್ಯಾಗು ತೆರೆದೆ, ಉಗುರಿನ ಅಂಟು ತೆಗೆದೆ, ಒಂದು ತೊಟ್ಟು ಹಾಕಿ ಮೂವತ್ತು ಎಣಿಸಿದೆ. ಗಟ್ಟಿಯಾಗಿ ಕೂತಿತು. ಏಣಿ ಹೊತ್ತುಕೊಂಡು ಮನೆಗೆ ಹೋದೆ.

ಈ ಇಟ್ಟಿಗೆಯವರ ಲೋಕದಲ್ಲಿ ಅಂಟು ಎಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಕೊಲೆ ಮಾಡಿ ಬಂದರೆ ಕೂರಿಸಿ ನೀರು ಕೊಟ್ಟಾರು, ಅಂಟು ಹಚ್ಚಿದವನನ್ನು ಹೊಸ್ತಿಲು ಹತ್ತಿಸುವುದಿಲ್ಲ. ಬಿಚ್ಚಿ ಮತ್ತೆ ಕಟ್ಟುವುದಕ್ಕೇ ಇರುವ ಇಟ್ಟಿಗೆ ಅದು, ಅಂಟಿದರೆ ಸತ್ತ ಹಾಗೆ ಎನ್ನುತ್ತಾರೆ. ಮುಂದಿನ ಭಾನುವಾರ ಎಂಜಿನ್ ತೊಳೆಯುವ ದಿನ. ಅಣ್ಣ ಒಂದೊಂದೇ ಇಟ್ಟಿಗೆ ಬಿಚ್ಚುತ್ತ ಬಂದವನು ಚಿಮಣಿಯ ಹತ್ತಿರ ನಿಂತ. ಎಳೆದ. ಮತ್ತೆ ಎಳೆದ. ಮೂಸಿ ನೋಡಿದ. ಅವನ ಮುಖ ಸುಣ್ಣದ ಗೋಡೆಯಂತಾಯಿತು.

"ನಿನ್ನ ಲಿಫ್ಟಿನ ಗಮ್ಮು ತಂದು ಇದಕ್ಕೆ ಹಾಕಿದ್ಯಲ್ಲೋ, ಪಾಪಿ!"

"ನನ್ನದಾ? ಕನ್ನಡಕದ ಫ್ರೇಮು ಅಂಟಿಸೋ ಡಬ್ಬಿ ಯಾರ ಅಂಗಡೀಲಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳಲಿಲ್ಲ. ಗೇಟು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಅವರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲ ಎಂಬುದು ಅವತ್ತು ಜೀವ ಉಳಿಸಿತು, ನಿಜ. ಆದರೆ ರಾತ್ರಿ ಯೋಚಿಸಿದಾಗ ಮೈಯೆಲ್ಲ ಉರಿಯಿತು. ಎಂಜಿನ್ ಕೆಡಿಸುವ ಯೋಗ್ಯತೆಯೂ ನನಗಿಲ್ಲವೇ?

ಜಗಳ ಪಾಲಿನವರೆಗೂ ಹೋಯಿತು. ಎಂಜಿನ್ನು, ಬೋಗಿ ಅಣ್ಣನಿಗೆ. ಹಳಿ, ಕರೆಂಟು ಪೆಟ್ಟಿಗೆ ತಮ್ಮನಿಗೆ. ಎತ್ತು ಏರಿಗೆ, ಕೋಣ ನೀರಿಗೆ. ಅಣ್ಣ ಓಡದ ಎಂಜಿನ್ನನ್ನು ಕನ್ನಡಕಗಳ ನಡುವೆ ಗಾಜಿನ ಕಪಾಟಿನಲ್ಲಿಟ್ಟ. ತಮ್ಮ ಏನೂ ಓಡದ ಹಳಿಯನ್ನು ತನ್ನ ಮಂಚದ ಸುತ್ತ ಹಾಸಿಕೊಂಡು ಪ್ರತಿ ದಿನ ಎಡವಿದ.

ಅಲ್ಲಿಂದ ಶುರುವಾಯಿತು ನನ್ನ ಅಂಚೆ ಕೆಲಸ. ಅಣ್ಣ "ನಿನ್ನ ತಮ್ಮನಿಗೆ ಹೇಳು" ಅನ್ನುತ್ತಿದ್ದ. ತಮ್ಮ "ನಿನ್ನ ಅಣ್ಣನಿಗೆ ಹೇಳು" ಅನ್ನುತ್ತಿದ್ದ. ಇಬ್ಬರೂ ನನಗೊಬ್ಬಳಿಗೇ ಸಂಬಂಧಪಟ್ಟವರು, ಅವರವರಲ್ಲಿ ಏನೂ ಇಲ್ಲ ಎಂಬಂತೆ. ಸುಳ್ಳೇಕೆ ಹೇಳಲಿ, ನನಗೆ ಇದು ಹಿತವಾಗಿತ್ತು. ಚಿಕ್ಕಂದಿನಿಂದ ಅವರಿಬ್ಬರೂ ಒಂದು, ನಾನು ಬೇರೆ. ಈಗ ದಿನಕ್ಕೆರಡು ಸಲ ಇಬ್ಬರ ಫೋನೂ ನನಗೇ. ಅಂಟಿನ ನಿಜ ಒಪ್ಪಿಕೊಂಡರೆ ಇಬ್ಬರೂ ಕೈತಪ್ಪಿ ಹೋಗುತ್ತಾರೆ ಎಂಬ ಹೆದರಿಕೆಯಲ್ಲಿ ಆರು ವರ್ಷ ಕಳೆದೆ.

ಹೋದ ತಿಂಗಳು ಅಣ್ಣ ಫೋನಿನಲ್ಲಿ, "ಓಡದೇ ಇರೋ ಎಂಜಿನ್ ಎಷ್ಟು ದಿನ ಒರೆಸ್ಲಿ ಪುಟ್ಟಿ? ಆ ಗಡ್ಡದವರು ಕೇಳ್ತಿದ್ದಾರೆ, ಕೊಟ್ಬಿಡ್ತೀನಿ" ಅಂದ. ಗಡ್ಡದವರು ಎಂದರೆ ಹಳೇ ಆಟಿಕೆ ಕೂಡಿಡುವವರೊಬ್ಬರು. ತಮ್ಮನಿಗೆ ಹೇಳಿದೆ. ಅವನು, "ಹಾಗಾದ್ರೆ ನನಗ್ಯಾಕೆ ಹಳಿ? ಅದೂ ಅವರಿಗೇ ಹೋಗ್ಲಿ" ಅಂದ. ಅಪ್ಪ ತಂದ ರೈಲು ಕೊನೆಗೂ ಒಂದಾಗುತ್ತಿತ್ತು, ಗಡ್ಡದವರ ಮನೆಯಲ್ಲಿ. ಜಗಳವಾಡಲು ಒಂದು ರೈಲಾದರೂ ಇರುವವರೆಗೆ ಇವರಿಬ್ಬರೂ ಸಂಬಂಧಿಕರು. ಅದೂ ಹೋದರೆ ಒಬ್ಬ ಕನ್ನಡಕದವನು, ಒಬ್ಬ ಲಿಫ್ಟಿನವನು, ಅಷ್ಟೇ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ವಾರವಿಡೀ ಯೋಚಿಸಿದೆ. ದಾರಿ ಕಾಣಲಿಲ್ಲ. ಕೊನೆಗೆ ಇಬ್ಬರಿಗೂ ಒಂದೇ ಸುಳ್ಳು ಹೇಳಿದೆ. ಗಡ್ಡದವರು ರೈಲು ಓಡುವುದನ್ನು ಕಣ್ಣಾರೆ ನೋಡಿಯೇ ಒಯ್ಯುತ್ತಾರಂತೆ, ಮಂಗಳವಾರ ನನ್ನ ಪಾರ್ಲರಿಗೆ ರಜಾ, ಮೂರು ಗಂಟೆಗೆ ಅಲ್ಲಿಗೆ ತನ್ನಿ ಎಂದೆ. ಗಡ್ಡದವರಿಗೆ ನಾಲ್ಕು ಗಂಟೆ ಅಂದೆ.

ಇಬ್ಬರೂ ಬಂದರು. ನನ್ನ ಪಾರ್ಲರಿನಲ್ಲಿ ಮೂರು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ. ನೇರವಾಗಿ ನೋಡಬಾರದೆಂದು ಇಬ್ಬರೂ ಕನ್ನಡಿಯಲ್ಲಿ ನೋಡಿಕೊಂಡರು. ಕುರ್ಚಿಗಳ ಸುತ್ತ ಹಳಿ ಜೋಡಿಸಿದವನು ತಮ್ಮ. ಅಣ್ಣ ಎಂಜಿನ್ನಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ.

"ಪುಟ್ಟಿ, ನಿನ್ನ ತಮ್ಮನಿಗೆ ಹೇಳು, ಆ ತಲೆ ತೊಳೆಯೋ ಬೇಸಿನ್ ಹತ್ರ ಹಳಿ ಸೊಟ್ಟಗಿದೆ."

"ಅಕ್ಕಾ, ನಿನ್ನ ಅಣ್ಣನಿಗೆ ಹೇಳು, ಸೊಟ್ಟಗಿರೋದು ಹಳಿ ಅಲ್ಲ, ಕಣ್ಣು. ಊರಿಗೆಲ್ಲ ಕನ್ನಡಕ ಕೊಡೋರು ತಾವೂ ಒಂದು ಹಾಕ್ಕೊಳ್ಳಲಿ."

ಮೂರಡಿ ದೂರದಲ್ಲಿ ನಿಂತವರಿಗೆ ಸಂದೇಶ ತಲುಪಿಸಿ ನನಗೆ ತಲೆ ಕೆಟ್ಟಿತು. ಸಾಕು ಅನ್ನಿಸಿತು.

"ಆ ಅಂಟು ಹಾಕಿದ್ದು ನಾನು" ಎಂದೆ.

ಭೂಮಿ ಬಾಯಿ ಬಿಡಲಿಲ್ಲ. ಅಣ್ಣ ತಲೆ ಕೂಡ ಎತ್ತಲಿಲ್ಲ. "ನಿನ್ನ ತಮ್ಮನ್ನ ಉಳಿಸೋಕೆ ನೀನ್ಯಾಕೆ ಕೆಟ್ಟೋಳಾಗ್ತೀಯ?" ಅಂದ.

ತಮ್ಮ ನಕ್ಕ. "ನಿನ್ನ ಅಣ್ಣ ಹೇಳಿಕೊಟ್ಟನಾ ಅಕ್ಕ? ನಿನಗೆ ಆ ಗುಂಡಿ ಯಾವ ಕಡೆ ತಿರುಗಿಸಬೇಕು ಅಂತಾನೂ ಗೊತ್ತಿಲ್ಲ."

ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನರಳಿದ ಪಾಪವನ್ನು ಒಪ್ಪಿಕೊಂಡರೆ ಇವರು ನಂಬುವುದೇ ಇಲ್ಲ! ಸಿಟ್ಟು ನೆತ್ತಿಗೇರಿತು. ಎಂಜಿನ್ ಎತ್ತಿ ಮಡಿಲಲ್ಲಿಟ್ಟುಕೊಂಡೆ. ಉಗುರಿನ ಅಂಟು ಬಿಡಿಸುವ ರಿಮೂವರ್ ಬಾಟಲಿಯನ್ನು ಕಪಾಟಿನಿಂದ ಎಳೆದು ಮುಚ್ಚಳ ತೆಗೆದೆ. "ನಿಮ್ಮ ಗಮ್ಮಾದ್ರೆ ಇದಕ್ಕೆ ಬಿಡೋದಿಲ್ಲ. ನನ್ನ ಉಗುರಿನ ಅಂಟಾದ್ರೆ ಎರಡೇ ನಿಮಿಷದಲ್ಲಿ ಬಿಡುತ್ತೆ. ನೋಡ್ತಾ ಇರಿ" ಎಂದು ಚಿಮಣಿಯ ಮೇಲೆ ಬಗ್ಗಿಸಿದೆ.

"ಬೇಡಾ!"

ಇಬ್ಬರೂ ಒಟ್ಟಿಗೆ ಕಿರುಚಿ ಒಟ್ಟಿಗೆ ನೆಗೆದರು. ಒಬ್ಬ ಬಲಗೈ ಹಿಡಿದ, ಒಬ್ಬ ಎಡಗೈ. ಬಾಟಲಿ ಹಾರಿ ಬೇಸಿನ್ನಿಗೆ ಬಿತ್ತು.

"ಅದು ತಾಗಿದ್ರೆ ಪ್ಲಾಸ್ಟಿಕ್ಕೇ ಕರಗಿ ಹೋಗುತ್ತೆ ಕಣೇ!" ಅಂದ ಅಣ್ಣ, ಏದುಸಿರು ಬಿಡುತ್ತ.

"ಮೇಣದ ಥರ ಕರಗುತ್ತೆ" ಅಂದ ತಮ್ಮ.

"ಬಾಯ್ಲರ್ ಪೂರ್ತಿ ಹೋಗಿರೋದು."

"ಒಳಗಿನ ಮೋಟಾರೂ."

ಇಬ್ಬರೂ ತಟ್ಟನೆ ನಿಲ್ಲಿಸಿದರು. ನನ್ನನ್ನು ಬಿಟ್ಟು ನೇರವಾಗಿ ಮಾತಾಡಿದೆವು ಎಂದು ಆಗ ಹೊಳೆಯಿತೆಂದು ಕಾಣುತ್ತದೆ. ಅಣ್ಣ ಗಂಟಲು ಸರಿಮಾಡಿಕೊಂಡು ಜೇಬಿನಿಂದ ಭೂತಗನ್ನಡಿ ತೆಗೆದು ಚಿಮಣಿಯ ಬುಡಕ್ಕೆ ಹಿಡಿದ. ಬಹಳ ಹೊತ್ತು ನೋಡಿದ. ನಂತರ ತಮ್ಮನ ಕೈಗೆ ಕೊಟ್ಟ. ತಮ್ಮನೂ ನೋಡಿದ. ಅಂಟಿನೊಳಗೆ ಉಗುರಿಗೆ ಉದುರಿಸುವ ಗುಲಾಬಿ ಮಿನುಗು ಒಂದು ಚೂರು ಸಿಕ್ಕಿಕೊಂಡಿತ್ತು. ಲಿಫ್ಟಿನಲ್ಲೂ ಕನ್ನಡಕದಂಗಡಿಯಲ್ಲೂ ಅದಕ್ಕೆ ಕೆಲಸವಿಲ್ಲ.

ಆಮೇಲೆ ಬಿತ್ತು ನೋಡಿ ಬೈಗುಳ. ಒಬ್ಬ ಶುರುಮಾಡಿದ ವಾಕ್ಯವನ್ನು ಇನ್ನೊಬ್ಬ ಮುಗಿಸುತ್ತಿದ್ದ. ಹೊಣೆಗೇಡಿ, ಬಾಯಿಬಡುಕಿ, ಮನೆಮುರುಕಿ. ಬೈಸಿಕೊಳ್ಳುತ್ತ ನನಗೆ ನಗು, ಅಳು ಎರಡೂ ಬರುತ್ತಿತ್ತು. ಆದರೆ ಬೈಗುಳ ಎಷ್ಟು ಹೊತ್ತು ಬರುತ್ತದೆ? ಹತ್ತು ನಿಮಿಷಕ್ಕೆ ಬತ್ತಿತು. ಇಬ್ಬರೂ ಮತ್ತೆ ಬೇರೆ ಬೇರೆ ಕನ್ನಡಿ ನೋಡುತ್ತ ನಿಂತರು.

"ಅಂಟಿನ ವಿಷಯ ಆಯ್ತು" ಅಂದ ತಮ್ಮ. "ಸಿಗ್ನಲ್ಲಿನ ಕೈ ಮುರಿದದ್ದು ಯಾರು ಅಂತ ನನಗೆ ಚೆನ್ನಾಗಿ ಗೊತ್ತು."

ಅಣ್ಣನ ಹುಬ್ಬು ಮೇಲೇರಿತು. ಇನ್ನೊಂದು ಆರು ವರ್ಷ ಬಾಗಿಲಲ್ಲೇ ನಿಂತಿತ್ತು.

"ಅದೂ ನಾನೇ" ಎಂದೆ.

"ಸಿಗ್ನಲ್ಲೂ ನೀನಾ?"

"ಹೂಂ. ಧೂಳು ಹೊಡೆಯುವಾಗ." ನಾನು ಧೂಳು ಹೊಡೆದದ್ದೇ ಇಲ್ಲ.

"ಎರಡನೇ ಬೋಗಿಯ ಸ್ಟಿಕರ್ ಸೊಟ್ಟ ಅಂಟಿಸಿದ್ದು?" ಅಣ್ಣ ಕೇಳಿದ.

"ನಾನೇ."

"ಚಕ್ರ ಕಳೆದದ್ದು?"

"ನಾನೇ. ಕಿಟಕಿಯಿಂದ ಬಿತ್ತು."

ಅವರ ಹೊಟ್ಟೆಯಲ್ಲಿ ಇಷ್ಟೊಂದು ಲೆಕ್ಕವಿದೆ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಸ್ಪರ್ಧೆಯ ಮೇಲೆ ಕೇಳಿದರು, ನಾನು ಒಂದೊಂದನ್ನೂ ತಲೆ ಮೇಲೆ ಹಾಕಿಕೊಂಡೆ. ಪ್ರತಿ ಸಲ ಅವರು "ನೋಡ್ದ್ಯಾ ಇವಳನ್ನ!" ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಕನ್ನಡಿಯಲ್ಲಲ್ಲ, ನೇರವಾಗಿ. ಮಾತಿನ ನಡುವೆ ಯಾವಾಗಲೋ ತಮ್ಮ ತಂತಿ ಸಿಕ್ಕಿಸಿದ, ಅಣ್ಣ ಎಂಜಿನ್ ಇಟ್ಟ, ರೈಲು ಹೊರಟಿತು. ಕೂದಲು ಒಣಗಿಸುವ ಯಂತ್ರದ ಕೆಳಗಿನಿಂದ ಹಾದು, ಬೇಸಿನ್ ಸುತ್ತಿ, ಅಂಟಿದ ಚಿಮಣಿ ಹೊತ್ತು ಠೀವಿಯಿಂದ ಬಂತು.

ಗಾಜಿನ ಬಾಗಿಲ ಆಚೆ ಗಡ್ಡ ಕಾಣಿಸಿತು. ಅಣ್ಣ ಎದ್ದು ಹೋಗಿ, "ಇವತ್ತು ಪಾರ್ಲರ್ ರಜಾ ಸ್ವಾಮಿ" ಎಂದು ಪರದೆ ಎಳೆದು ಬಂದ.

ತಮ್ಮ ನೆಲದ ಮೇಲೆ ಕೂತಿದ್ದ. ರೈಲು ನೋಡುತ್ತಲೇ, ಬೇರೆ ದನಿಯಲ್ಲಿ ಕೇಳಿದ. "ಹಾಗಾದ್ರೆ ನನ್ನ ಸ್ಟೇಷನ್ ಮಾಸ್ತರು?"

ಅಂಗೈಯ ಅರ್ಧದಷ್ಟೂ ಇಲ್ಲದ, ನೀಲಿ ಟೋಪಿಯ ಬೊಂಬೆ ಅದು. ಆಗ ತಮ್ಮನಿಗೆ ಏಳು ವರ್ಷ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಒಂದು ದಿನ ಅದು ಇರಲಿಲ್ಲ. ಅದನ್ನು ಕಾಣೆ ಮಾಡಿದವನು ಅಣ್ಣ. ತಮ್ಮನ ಮೇಲಿನ ಯಾವುದೋ ಸಿಟ್ಟಿಗೆ, ಬಚ್ಚಲಿನ ತೂತಿನಲ್ಲಿ ಹಾಕಿ ಮೇಲೆ ಒಂದು ಬಕೆಟ್ ನೀರು ಸುರಿದ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ನಾನು ನೋಡಿದೆ ಎಂಬುದು ಅವನಿಗೂ ಗೊತ್ತಿತ್ತು.

ನಾನು ಅಣ್ಣನ ಮುಖ ನೋಡಿದೆ. ಹೇಳು, ಇದೊಂದನ್ನಾದರೂ ನೀನು ಹೇಳು, ಎಂದು ಕಣ್ಣಲ್ಲೇ ಹೇಳಿದೆ. ಅಣ್ಣ ಭೂತಗನ್ನಡಿ ಒರೆಸುತ್ತಿದ್ದ. ರೈಲು ಒಂದು ಸುತ್ತು ಬಂತು. ಅಣ್ಣ ಇನ್ನೂ ಒರೆಸುತ್ತಿದ್ದ.

"ನಾನೇ" ಎಂದೆ.

"ಅಕ್ಕಾ!" ತಮ್ಮನ ದನಿ ಏಳು ವರ್ಷದ್ದೇ ಆಗಿತ್ತು. "ಒಂದು ತಿಂಗಳು ಅತ್ತಿದ್ದೀನಿ ನಾನು. ನೀನು ಪಕ್ಕದಲ್ಲೇ ಮಲಗಿದ್ದೆ."

ಅಣ್ಣ ಕತ್ತೆತ್ತಿ ನಿಟ್ಟುಸಿರು ಬಿಟ್ಟ. "ಅಷ್ಟು ಚಿಕ್ಕ ಹುಡುಗ. ನಿನಗೆ ಕರುಣೆ ಅನ್ನೋದೇ ಇಲ್ವಲ್ಲ ಪುಟ್ಟಿ" ಅಂದ.

ಎಲಾ ಇವನ! ಬಾಯಿ ತೆರೆದೆ. ನೀಲಿ ಟೋಪಿಯಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಮ್ಮ ಕೈ ಚಾಚಿ ಅವನ ಮೊಣಕಾಲು ತಟ್ಟಿದ.

"ಹೋಗ್ಲಿ ಬಿಡು ಅಣ್ಣಾ, ಅವಳಿಗೆ ಬೈಬೇಡ" ಅಂದ.

ಅಣ್ಣಾ ಅಂದ. ನಾನು ಬಾಯಿ ಮುಚ್ಚಿಕೊಂಡೆ. ಎದ್ದು ಅಣ್ಣನ ಪಕ್ಕಕ್ಕೆ ಹೋಗಿ, ಚಪ್ಪಲಿಯ ಎತ್ತರದ ಹಿಮ್ಮಡಿಯನ್ನು ಅವನ ಕಾಲ್ಬೆರಳುಗಳ ಮೇಲಿಟ್ಟು, ನನ್ನ ಪೂರ್ತಿ ಭಾರ ಹಾಕಿ ನಿಂತೆ. ರೈಲು ಎರಡು ಸುತ್ತು ಮುಗಿಸುವವರೆಗೂ ಕಾಲು ತೆಗೆಯಲಿಲ್ಲ. ಅಣ್ಣನ ಕಣ್ಣಲ್ಲಿ ನೀರು ಬಂತು, ಆದರೆ ಅಯ್ಯೋ ಅನ್ನಲಿಲ್ಲ.