ಜಿಗಣೆ ಕೆರೆಯ ಮುದುಕಿ

ಬೆಳಿಗ್ಗೆ ಒಂಬತ್ತೂವರೆ ಆಯಿತೆಂದರೆ ಆಕೆ ಜಿಗಣೆ ಕೀಳಲು ಕೂರಬೇಕು. ಸೋಮವಾರದಿಂದ ಶುಕ್ರವಾರದವರೆಗೆ, ಹದಿನಾಲ್ಕು ತಿಂಗಳಿಂದ, ದಿನಕ್ಕೆ ನಲವತ್ತು ಜಿಗಣೆ. ಪುಣ್ಯಕ್ಕೆ ನಿಜವಾದವಲ್ಲ, ಕಂಪ್ಯೂಟರ್ ಪರದೆಯ ಮೇಲಿನವು. ಆದರೂ ಎಮ್ಮೆಯ ಕೆಚ್ಚಲಿನಿಂದ ಒಂದೊಂದನ್ನು ಎಳೆದಾಗಲೂ ಹೆಡ್‌ಫೋನಿನಲ್ಲಿ ‘ಪಚಕ್’ ಎಂದು ಸದ್ದು ಬರುತ್ತಿತ್ತು, ಆ ಸದ್ದಿನ ಹಿಂದೆಯೇ ಆಕೆಯ ಬಾಯಿಂದ ‘ಛೀ’ ಎಂದು ಬರುತ್ತಿತ್ತು. ದಿನಕ್ಕೆ ನಲವತ್ತು ಛೀ ಕೇಳಿಸಿಕೊಂಡ ಆಫೀಸಿನವರು ಮೂರನೇ ವಾರಕ್ಕೇ ಆಕೆಗೆ ಛೀಯಕ್ಕ ಎಂದು ಹೆಸರಿಟ್ಟರು. ಇಟ್ಟ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಛೀಯಕ್ಕ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟರ್. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂಬತ್ತು ಜನ ಕೂರುವ ಒಂದೇ ಕೋಣೆ, ಮೂಲೆಯಲ್ಲಿ ಯಜಮಾನರಿಗೊಂದು ಗಾಜಿನ ಗೂಡು. ಆ ಕೋಣೆಯ ಬಗ್ಗೆ ಆಕೆಯನ್ನು ಕೇಳಬಾರದು. ಕೇಳಿದರೆ ಅರ್ಧ ಗಂಟೆ ಬೇಕು. ಮೈಕ್ರೋವೇವ್ ಒಳಗೆ ಯಾವ ಕಾಲದ್ದೋ ಸಾರು ಸಿಡಿದು ಒಣಗಿ ಹಕ್ಕಳೆ ಕಟ್ಟಿದೆ. ಕೈ ಒರೆಸುವ ಟವೆಲ್ ತನ್ನ ಮೊದಲ ಬಣ್ಣ ಯಾವುದೆಂದು ತಾನೇ ಮರೆತಿದೆ. ಪಕ್ಕದ ಮೇಜಿನ ಪ್ರೋಗ್ರಾಮರ್ ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಕೀಬೋರ್ಡಿನ ಮೇಲೇ ಸುಲಿಯುತ್ತಾನೆ, ಆಮೇಲೆ ಅದೇ ಬೆರಳಿನಿಂದ ಆಕೆಯ ಪರದೆಯನ್ನು ಮುಟ್ಟಿ, “ನೋಡಿ ಅಕ್ಕ, ಇಲ್ಲಿ ಸರಿ ಮಾಡಿದೀನಿ” ಎನ್ನುತ್ತಾನೆ. ಆಕೆ ಸ್ಪಿರಿಟ್ಟಿನ ಬಾಟಲಿ ತೆಗೆದು ಪರದೆ ಒರೆಸುತ್ತಾಳೆ. ಇಂಥವಳಿಗೆ ಗಂಡನಾಗಿ ಸಿಕ್ಕವನು ಪ್ಲಂಬರ್. ವಿಧಿಗೂ ತಮಾಷೆ ಮಾಡಲು ಬೇರೆ ಮನೆ ಸಿಗಲಿಲ್ಲ.

ಆಫೀಸಿನ ಹೊಲಸನ್ನೆಲ್ಲ ಸೇರಿಸಿ ಒಂದು ತಕ್ಕಡಿಯಲ್ಲಿಟ್ಟರೂ ಆ ಆಟವೇ ತೂಗುತ್ತಿತ್ತು. ಅದೊಂದು ರೋಲ್ ಪ್ಲೇಯಿಂಗ್ ಗೇಮ್. ಆಡುವವರು ಒಂದು ಪಾತ್ರವಾಗಿ ಆ ಲೋಕದೊಳಗೆ ಹೊಕ್ಕು ನಲವತ್ತು ಗಂಟೆ ಬದುಕಬೇಕು. ಬೇರೆ ಆಟಗಳಲ್ಲಿ ಶುರುವಿಗೇ ಕೈಗೆ ಕತ್ತಿ ಬರುತ್ತದೆ, ಕುದುರೆ ಬರುತ್ತದೆ. ಇದರಲ್ಲಿ ಬರುವುದು ಒಂದು ತಗಡಿನ ಬಕೆಟ್ಟು. ಜಿಗಣೆ ಕೆರೆ ಎಂಬ ಊರಿನಲ್ಲಿ ಎಮ್ಮೆಗಳ ಮೈಯಿಂದ ಜಿಗಣೆ ಕಿತ್ತು ಬಕೆಟ್ಟಿಗೆ ಹಾಕಬೇಕು. ಮೊದಲ ಮೂರು ಗಂಟೆ ಬರೀ ಇದೇ. ಜೊತೆಗೆ ಬೆನ್ನಿಗೆ ಬಿದ್ದ ಒಬ್ಬಳು ಮುದುಕಿ. ಒಂದೇ ಹಲ್ಲು, ಕೂದಲಲ್ಲಿ ಹೇನು, ಹೆಜ್ಜೆಗೊಮ್ಮೆ ಕೆಮ್ಮು, ಕೆಮ್ಮಿದಾಗಲೆಲ್ಲ ಒಂದು ಉಗುಳು. ಓಡಿದರೆ ಓಡಿ ಬರುತ್ತಾಳೆ, ನಿಂತರೆ ಪಕ್ಕದಲ್ಲಿ ಕೂತು ಕಾಲಿನ ಹುಣ್ಣು ಕೆರೆಯುತ್ತಾಳೆ.

ಇದನ್ನೆಲ್ಲ ಬರೆದವರು ಕಿಟಕಿ ಪಕ್ಕ ಕೂರುವ ಕತೆ ಮೇಷ್ಟ್ರು. ಮೊದಲು ಎಲ್ಲೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಂತೆ, ಈಗ ಆಟದ ಕತೆ, ಮಾತು ಎಲ್ಲ ಅವರದೇ. ಮೃದು ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ. ಇಷ್ಟು ಮೃದು ಮನುಷ್ಯನ ತಲೆಯಲ್ಲಿ ಇಷ್ಟು ಕೊಳಕು ಎಲ್ಲಿತ್ತು ಎಂಬುದೇ ಛೀಯಕ್ಕನಿಗೆ ಬಗೆಹರಿಯದ ಪ್ರಶ್ನೆ.

ಒಂದು ದಿನ ಊಟಕ್ಕೆ ಕೂತಾಗ ಆಕೆ ಮುದುಕಿಯನ್ನು ಬೈಯುತ್ತಿದ್ದಳು. ಗಂಡ ಕೇಳಿದ:

“ಆ ಮೂರು ಗಂಟೆ ಕಳೆದ್ಮೇಲೆ ಏನಾಗತ್ತೆ?”

“ಯಾರಿಗ್ಗೊತ್ತು?”

“ವರ್ಷದಿಂದ ಆಡ್ತಿದೀಯ, ನಿಂಗೇ ಗೊತ್ತಿಲ್ವಾ?”

“ಆಡೋದಲ್ಲರೀ, ಟೆಸ್ಟ್ ಮಾಡೋದು.”

ಗಂಡನಿಗೆ ಅರ್ಥವಾಗಲಿಲ್ಲ. ಅವನದೇನೂ ತಪ್ಪಿಲ್ಲ, ಈ ಕಸುಬಿನ ರೀತಿಯೇ ಹಾಗೆ. ಪ್ರೋಗ್ರಾಮರ್ ಅಲ್ಲಿ ಇಲ್ಲಿ ಸರಿ ಮಾಡಿ ದಿನವೂ ಬೆಳಿಗ್ಗೆ ಆಟದ ಹೊಸ ಪ್ರತಿಯೊಂದನ್ನು ಎಲ್ಲರ ಕಂಪ್ಯೂಟರಿಗೆ ಕಳಿಸುತ್ತಾನೆ. ಅದನ್ನು ಬಿಲ್ಡ್ ಎನ್ನುತ್ತಾರೆ. ಹೊಸ ಬಿಲ್ಡ್ ಬಂದ ಕೂಡಲೇ ಹಳೆಯದರಲ್ಲಿ ಎಷ್ಟು ದೂರ ಹೋಗಿದ್ದರೂ ಅದು ಅಳಿಸಿಹೋಗುತ್ತದೆ, ಮತ್ತೆ ಬಕೆಟ್ಟಿನಿಂದ ಶುರು. ಮೂರು ಗಂಟೆಯ ನಂತರದ ಭಾಗಗಳನ್ನು ನೋಡಲು ಒಂದು ಜಂಪ್ ಪಟ್ಟಿ ಇದೆ. ಅದರಲ್ಲಿ ಬೇಕಾದ ಸಾಲು ಒತ್ತಿ, ಬೇಕಾದ ಜಾಗಕ್ಕೆ ನೆಗೆದು, ಬಾಗಿಲು ತೆರೆಯುತ್ತದೆಯೇ, ಅಕ್ಷರ ಚೌಕದಿಂದಾಚೆ ಹೋಗಿದೆಯೇ ಎಂದು ನೋಡಿ ವಾಪಸ್ ಬರುವುದು. ಕುರುಡರು ಆನೆ ಮುಟ್ಟಿದ ಹಾಗೆ ಒಬ್ಬರಿಗೆ ಬಾಲ, ಇನ್ನೊಬ್ಬರಿಗೆ ಸೊಂಡಿಲು. ಛೀಯಕ್ಕನಿಗೆ ಸಿಕ್ಕಿದ್ದು ಜಿಗಣೆ.

ಆ ಸೋಮವಾರ ಯಜಮಾನರು ಆಕೆಯನ್ನು ಗಾಜಿನ ಗೂಡಿಗೆ ಕರೆದರು. ಬಾಯಲ್ಲಿ ಏನನ್ನೋ ಅಗಿಯುತ್ತಿದ್ದರು. ಯಾವಾಗಲೂ ಅಗಿಯುತ್ತಾರೆ, ಅಗಿಯುತ್ತಲೇ ಮಾತಾಡುತ್ತಾರೆ, ಎದುರಿಗೆ ಕೂತವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಳ್ಳಬೇಕು.

“ಹೊರಗಿನಿಂದ ಹನ್ನೆರಡು ಜನರನ್ನ ಕರೆಸಿ ಆಡಿಸಿದ್ವಿ. ಹತ್ತು ಜನ ನಲವತ್ತು ನಿಮಿಷಕ್ಕೇ ಎದ್ದು ಹೋದ್ರು. ಒಬ್ಬಳಿಗೆ ವಾಂತಿ ಬರೋ ಹಾಗಾಯ್ತಂತೆ. ಮೂಗಿಗಿಂತ ಮೂಗುತಿ ಭಾರ ಆಗಿದೆ ಈ ಶುರು. ಜಿಗಣೆ ಕೆರೆ ಕಿತ್ತು ಹಾಕೋಣವಾ ಅಂತ ಯೋಚನೆ.”

“ಮುದುಕೀನೂ?”

“ಎಲ್ಲಾ. ಆದ್ರೆ ಮೇಷ್ಟ್ರು ಒಪ್ತಿಲ್ಲ. ಅದನ್ನ ತೆಗೆದ್ರೆ ನಾನೂ ಇಲ್ಲಿ ಇರಲ್ಲ ಅಂತಿದಾರೆ. ಕೊನೆಗೆ ಅವರೇ ಒಂದು ಮಾತು ಹೇಳಿದ್ರು. ಈ ಆಟಾನ ಎಲ್ಲರಿಗಿಂತ ಹೆಚ್ಚು ಆಡಿರೋರು ನೀವು. ನೀವು ಬೇಡ ಅಂದ್ರೆ ಬೇಡ, ಅವರು ಅಡ್ಡ ಬರಲ್ವಂತೆ. ಒಂದು ರಿಪೋರ್ಟ್ ಬರ್ದು ಕೊಡಿ.”

ತಾನು ಆಚೆ ದಡವನ್ನು ನೋಡಿದವಳೇ ಅಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ಆಕೆಯ ಅಭಿಪ್ರಾಯ ಕೇಳಿದ್ದರು, ಅದೂ ಜಿಗಣೆಯ ಬಗ್ಗೆ. ಬುಧವಾರ ಮಧ್ಯಾಹ್ನ ಎರಡು ಪುಟದ ರಿಪೋರ್ಟ್ ಹೋಯಿತು. ‘ಅನಗತ್ಯ’ ಎಂದು ಐದು ಕಡೆ, ‘ಅಸಹ್ಯ’ ಎಂದು ಒಂಬತ್ತು ಕಡೆ ಬರೆದಿದ್ದಳು. ಮುದುಕಿಗೆ ಇಡೀ ಒಂದು ಪ್ಯಾರಾ ಮೀಸಲಿಟ್ಟಿದ್ದಳು. ಕಳಿಸಿ, ಬಚ್ಚಲಿಗೆ ಹೋಗಿ, ಸೋಪು ಹಾಕಿ ಕೈ ತೊಳೆದುಕೊಂಡಾಗ ಮೈ ಹಗುರವಾಯಿತು.

ಗುರುವಾರ ಪ್ರೋಗ್ರಾಮರ್ ಬರಲಿಲ್ಲ. ಹೊಟ್ಟೆ ಕೆಟ್ಟಿತ್ತಂತೆ. ಆ ಮೊಟ್ಟೆಗಳನ್ನು ಕಂಡವರು ಯಾರೂ ಆಶ್ಚರ್ಯಪಡಲಿಲ್ಲ. ಅವನಿಲ್ಲದೆ ಹೊಸ ಬಿಲ್ಡ್ ಇಲ್ಲ, ಹೊಸ ಬಿಲ್ಡ್ ಇಲ್ಲದೆ ಆಕೆಗೆ ಕೆಲಸವಿಲ್ಲ. ಕಂಪ್ಯೂಟರ್ ತೆರೆದರೆ ನಿನ್ನೆಯ ಆಟ ನಿನ್ನೆ ಬಿಟ್ಟ ಜಾಗದಲ್ಲೇ ಇತ್ತು. ಬಕೆಟ್ಟು ತುಂಬಿದೆ, ಮುದುಕಿ ಕೆರೆ ದಂಡೆಯಲ್ಲಿ ಕೂತು ಕೆಮ್ಮುತ್ತಿದ್ದಾಳೆ. ಸುಮ್ಮನೆ ಕೂತರೆ ಯಜಮಾನರ ಕಣ್ಣಿಗೆ ಬೀಳುತ್ತೇನೆಂದು ಛೀಯಕ್ಕ ಮುಂದಕ್ಕೆ ಹೆಜ್ಜೆ ಹಾಕಿದಳು.

ಊರು ದಾಟಿದ ಮೇಲೆ ಜವುಗು. ಎಲ್ಲಿ ಕಾಲಿಟ್ಟರೂ ಹೂತುಹೋಗುವ ನೆಲ. ನಾಲ್ಕು ಸಲ ಮುಳುಗಿ ಸತ್ತಮೇಲೆ ಆಕೆಗೆ ಹೊಳೆಯಿತು: ಮುದುಕಿ ಕೆಮ್ಮಿದ ಕಡೆ ನೆಲ ಗಟ್ಟಿಯಿದೆ. ಆ ದರಿದ್ರ ಕೆಮ್ಮನ್ನು ಕಿವಿಯಿಟ್ಟು ಕೇಳುತ್ತಾ ಹೋಗಬೇಕಾಯಿತು. ನಡುವೆ ಮುದುಕಿ ಮಾತಾಡಲು ಶುರುಮಾಡಿದಳು. “ಆ ಕುಂಟ ಎಮ್ಮೇದು ಹದಿಮೂರು ಕಿತ್ತೆ ನೀನು. ಹದಿನಾಲ್ಕನೇದು ನೋಡ್ದೆ, ನೋಡ್ದೋಳು ಸುಮ್ಮನಾದೆ. ಅದನ್ನ ನಾನು ಕಿತ್ತೆ, ಗೊತ್ತಾ?” ಛೀಯಕ್ಕ ಬೆಚ್ಚಿದಳು. ಕೆಚ್ಚಲಿನ ಮಡಿಕೆಯೊಳಗಿನ ಆ ಹದಿನಾಲ್ಕನೆಯದನ್ನು ಆಕೆ ದಿನವೂ ಬಿಟ್ಟೇ ಬರುತ್ತಿದ್ದಳು. ಅದನ್ನು ಕೀಳದಿದ್ದರೂ ಆಟ ಮುಂದೆ ಹೋಗುತ್ತಿತ್ತು.

ಮಧ್ಯಾಹ್ನದ ಊಟ ಮೇಜಿನ ಮೇಲೇ ಆಯಿತು. ಮೇಜಿನ ಮೇಲೆ ಉಣ್ಣುವವರನ್ನು ಕಂಡರೆ ಉರಿದು ಬೀಳುತ್ತಿದ್ದವಳು ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೌಸು ಹಿಡಿದಿದ್ದಳು. ಮುದುಕಿ ಹೇನು ಕುಕ್ಕುತ್ತಾ ತನ್ನ ಸತ್ತ ಮೂವರು ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಬೈದಳು, ಅವರಲ್ಲಿ ಎರಡನೆಯವನ ಗೊರಕೆಯ ಕತೆಗೆ ಛೀಯಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. ಕಿಟಕಿಯ ಪಕ್ಕದಿಂದ ಕತೆ ಮೇಷ್ಟ್ರು ತಲೆ ಎತ್ತಿ ನೋಡಿದರು. ಆಕೆ ನಗುವನ್ನು ಕೆಮ್ಮಾಗಿ ತಿರುಗಿಸಿದಳು.

ಸಂಜೆ ಹೊತ್ತಿಗೆ ಬಿಳಿಯ ಪಟ್ಟಣದ ಹೆಬ್ಬಾಗಿಲು ಬಂತು. ಅದು ಆಕೆಗೆ ಚೆನ್ನಾಗಿ ಗೊತ್ತಿದ್ದ ಜಾಗ, ಜಂಪ್ ಪಟ್ಟಿಯಿಂದ ಐವತ್ತು ಸಲವಾದರೂ ಅಲ್ಲಿಗೆ ನೆಗೆದಿದ್ದಳು. ಕಾವಲುಗಾರ ಕೇಳುತ್ತಾನೆ: “ಈ ಮುದುಕಿ ನಿನ್ನವಳಾ?” ‘ಹೌದು’ ಎಂದರೆ ಐದು ನಿಮಿಷ ವಿಚಾರಣೆ. ‘ಇವಳಾರೋ ಗೊತ್ತಿಲ್ಲ’ ಎಂದರೆ ಬಾಗಿಲು ತಕ್ಷಣ ತೆರೆಯುತ್ತದೆ. ಟೆಸ್ಟರಿಗೆ ಬೇಕಾದ್ದು ಬಾಗಿಲು. ಬೆರಳು ಅಭ್ಯಾಸದಂತೆ ಹೋಗಿ ಎರಡನೆಯದನ್ನು ಒತ್ತಿಬಿಟ್ಟಿತು.

ಬಾಗಿಲು ತೆರೆಯಿತು. ಮುದುಕಿ ಅಲ್ಲೇ ಗೋಡೆಗೊರಗಿ ಕೂತಳು. ಆಫೀಸು ಮುಚ್ಚುವ ಹೊತ್ತಾಗಿತ್ತು, ಛೀಯಕ್ಕ ಎದ್ದು ಮನೆಗೆ ಹೋದಳು. ರಾತ್ರಿ ಗಂಡ “ಇವತ್ತು ಮುದುಕಿ ಏನ್ ಮಾಡಿದ್ಲು?” ಎಂದದ್ದಕ್ಕೆ “ಸುಮ್ನೆ ಊಟ ಮಾಡಿ” ಎಂದಳು.

ಶುಕ್ರವಾರ ಒಂಬತ್ತಕ್ಕೇ ಬಂದು ಕೂತಳು. ಬಿಳಿಯ ಪಟ್ಟಣ ಆಕೆ ಬಯಸಿದ ಊರೇ ಆಗಿತ್ತು. ತೊಳೆದಿಟ್ಟ ಕಲ್ಲುಹಾಸು, ಅಮೃತಶಿಲೆಯ ಮೆಟ್ಟಿಲು, ಎಲ್ಲೂ ಒಂದು ಕಸಕಡ್ಡಿಯಿಲ್ಲ. ಆದರೆ ಅಂಗಡಿಯವನು ಬಟ್ಟೆಯ ತುದಿಯಿಂದ ಸಾಮಾನನ್ನು ಆಕೆಯತ್ತ ತಳ್ಳಿದ. ಬಾವಿಕಟ್ಟೆಯಲ್ಲಿ ಹೆಂಗಸರು ಸರಿದು ನಿಂತರು. ಒಬ್ಬಳು ರೇಷ್ಮೆಯವಳು ಸೆರಗನ್ನು ಮೂಗಿಗೆ ಹಿಡಿದು, ಆಕೆಯ ಕೈಗಳನ್ನು ನೋಡಿ ಒಂದೇ ಅಕ್ಷರ ಆಡಿದಳು. ಪರದೆಯ ಕೆಳಗೆ ಅದು ಅಚ್ಚಾಗಿ ಮೂಡಿತು:

“ಛೀ.”

ಛೀಯಕ್ಕನ ಮುಖಕ್ಕೆ ರಕ್ತ ನುಗ್ಗಿತು. ಮೇಷ್ಟ್ರು ಅದನ್ನು ಎಲ್ಲಿಂದ ಎತ್ತಿಕೊಂಡರೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಆ ರೇಷ್ಮೆಯವಳನ್ನು ನೋಡಿ ಅಸಹ್ಯವಾಯಿತು, ಯಾವ ಜಿಗಣೆಯನ್ನು ಕಂಡೂ ಆಗದಷ್ಟು. ನಲವತ್ತು ಜಿಗಣೆ ಕಿತ್ತ ಕೈ ಇದು, ನೀನು ಕುಡಿಯುವ ಹಾಲು ಆ ಎಮ್ಮೆಯದು ಎಂದು ಕೂಗಬೇಕೆನಿಸಿತು. ಆದರೆ ಹಾಗೆ ಕೂಗಲು ಮುದುಕಿಯೇ ಸರಿ, ಅವಳಿಗೆ ಬಾಯಿದೆ. ಎರಡು ಬೀದಿ ಸುತ್ತಿದಳು. ಬೆನ್ನ ಹಿಂದೆ ಕೆಮ್ಮಿಲ್ಲ. ಹೆಡ್‌ಫೋನಿನಲ್ಲಿ ತನ್ನ ಹೆಜ್ಜೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಕೊಳಕು ಮುದುಕಿ ಇಲ್ಲದೆ ತನಗೆ ಬೇಜಾರಾಗುತ್ತಿದೆ ಎಂದು ತಿಳಿದಾಗ ಆಕೆಗೆ ತನ್ನ ಮೇಲೇ ನಂಬಿಕೆ ಬರಲಿಲ್ಲ.

ಹೆಬ್ಬಾಗಿಲಿನ ಕಡೆ ತಿರುಗಿದಳು. ಅರ್ಧ ದಾರಿಗೆ ಬಂದಾಗ ರಿಪೋರ್ಟ್ ನೆನಪಾಯಿತು. ಆಟವನ್ನು ಹಾಗೇ ನಿಲ್ಲಿಸಿ ಗಾಜಿನ ಗೂಡಿಗೆ ಓಡಿದಳು.

“ಸರ್, ಆ ರಿಪೋರ್ಟ್ ವಾಪಸ್ ಕೊಡಿ.”

“ಯಾಕೆ? ಚೆನ್ನಾಗಿತ್ತಲ್ಲ!” ಯಜಮಾನರು ಅಗಿಯುತ್ತಲೇ ಇದ್ದರು.

“ನಾನು ಮೂರು ಗಂಟೆಯಿಂದಾಚೆ ಆಡಿರ್ಲೇ ಇಲ್ಲ, ಸರ್. ಒಂದು ದಿನಾನೂ ಇಲ್ಲ. ನಿನ್ನೆ ಆಡ್ದೆ. ಶುರುವಿನ ಆ ಗಲೀಜಿಲ್ದೆ ಮುಂದಿಂದು ಯಾವುದೂ ನಿಲ್ಲಲ್ಲ.”

ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು. ಯಜಮಾನರು ಎದ್ದು ಹೊರಗೆ ಇಣುಕಿದರು.

“ಹಾಗಾದ್ರೆ ಪೂರ್ತಿ ಆಡಿರೋರು ಯಾರು?”

ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೈ ಎತ್ತಲಿಲ್ಲ. ಯಜಮಾನರು ಬಾಯಲ್ಲಿದ್ದುದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ನಕ್ಕರು.

“ಒಳ್ಳೇದೇ ಆಯ್ತು ಬಿಡಿ. ಏನು ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಮಿಂಚಿ ಹೋದ ಕಾರ್ಯಕ್ಕೆ ಯಾಕೆ ಚಿಂತೆ? ಮೇಷ್ಟ್ರಿಗೆ ಬೆಳಿಗ್ಗೇನೇ ಹೇಳಿ ಆಯ್ತು. ಜಿಗಣೆ ಕೆರೆ ಇಲ್ಲದ ಬಿಲ್ಡ್ ಈಗ ತಾನೇ ಹೋಯ್ತು.”

ಆಕೆ ತನ್ನ ಮೇಜಿಗೆ ಓಡಿದಳು. ಪ್ರೋಗ್ರಾಮರ್ ಸುಸ್ತಾದ ಮುಖದಲ್ಲಿ ಕೂತು, “ಬಂದಿದೆ ನೋಡಿ ಅಕ್ಕ, ಇನ್ಮೇಲೆ ನಿಮಗೆ ಆರಾಮ” ಎಂದ. ಪರದೆಯ ಮೇಲೆ ಬಿಳಿಯ ಪಟ್ಟಣವಿತ್ತು, ನಡುವೆ ಹೊಳೆಯುವ ಕತ್ತಿ ಹಿಡಿದು ಕುದುರೆ ಮೇಲೆ ಕೂತ ಯಾರೋ ಒಬ್ಬ. ಅವನ ಉಗುರುಗಳು ಶುಭ್ರವಾಗಿದ್ದವು. ಆಕೆ ಅವನನ್ನು ಹೆಬ್ಬಾಗಿಲಿಗೆ ಓಡಿಸಿದಳು. ಗೋಡೆಯ ಬುಡದಲ್ಲಿ ಯಾರೂ ಇರಲಿಲ್ಲ.

ಕತೆ ಮೇಷ್ಟ್ರು ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಛೀಯಕ್ಕ ಹೋಗಿ ನಿಂತಳು.

“ಎಲ್ಲೀವರೆಗೆ ಹೋದ್ರಿ?” ಅವರೇ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು. “ನನ್ನ ಕೈಲಿ ಅದನ್ನ ಆಡೋಕಾಗಲ್ಲ ನೋಡಿ. ಎರಡನೇ ಜಿಗಣೆಗೇ ವಾಕರಿಕೆ ಬರತ್ತೆ. ಹೆಬ್ಬಾಗಿಲಿಗೆ ಹೋದ್ರಾ?”

“ಹೋದೆ. ಅವಳು ಯಾರೋ ಗೊತ್ತಿಲ್ಲ ಅಂದೆ.”

“ಎಲ್ಲಾರೂ ಹಾಗೇ ಅನ್ಲಿ ಅಂತ್ಲೇ ಬರ್ದಿದ್ದು. ಆಮೇಲೆ ವಾಪಸ್ ಬರ್ತಾರೆ. ಬಂದೋರಿಗೆ ಅಂತ ಅವಳ ಬಾಯಿಗೆ ಆರು ಪುಟ ಮಾತು ಬರ್ದಿಟ್ಟಿದೀನಿ. ಕೇಳಿದ್ರಾ?”

“ಹೊರಟಿದ್ದೆ, ಮೇಷ್ಟ್ರೇ. ದಾರೀಲಿದ್ದೆ.” ಆಕೆ ಚೀಲದತ್ತ ಕೈ ತೋರಿಸಿದಳು. “ಈಗ ಓದಿ. ನಾನು ಇಲ್ಲೇ ನಿಂತಿರ್ತೀನಿ.”

ಮೇಷ್ಟ್ರು ಆಕೆಯನ್ನೊಮ್ಮೆ ನೋಡಿ, ಚೀಲದಿಂದ ಹಾಳೆಗಳನ್ನು ತೆಗೆದು ಓದತೊಡಗಿದರು. ಮುದುಕಿಯ ಬೈಗುಳ ಇಡೀ ಕೋಣೆಗೆ ಕೇಳಿಸಿತು. ಹಾಳಾದೋಳೇ, ಮೈ ತೊಳ್ಕೊಂಡ ಮಾತ್ರಕ್ಕೆ ಮನಸ್ಸು ತೊಳ್ಕೊಂಡ ಹಾಗಾಯ್ತೇನೇ? ನಿನ್ನ ಮೂಗು ಕೊಯ್ದು ಎಮ್ಮೆಗೆ ಹಾಕ. ಜವುಗಲ್ಲಿ ಮುಳುಗೋವಾಗ ನನ್ನ ಕೆಮ್ಮು ಬೇಕಿತ್ತು, ಬಾಗಿಲಲ್ಲಿ ನಿಂತಾಗ ನಾನು ಬೇಡವಾದ್ನಾ? ಪ್ರೋಗ್ರಾಮರ್ ಕೀಬೋರ್ಡು ಬಿಟ್ಟು ಕೇಳುತ್ತಿದ್ದ. ಛೀಯಕ್ಕ ಒಂದೊಂದು ಮಾತಿಗೂ ತಲೆ ತಗ್ಗಿಸಿ ನಿಂತಿದ್ದಳು. ಯಾವ ಮಾತೂ ಹೆಚ್ಚೆನಿಸಲಿಲ್ಲ.

ಐದನೇ ಪುಟ ಮುಗಿಯಿತು. ಮೇಷ್ಟ್ರು ಹಾಳೆಗಳನ್ನು ಮಡಚಿದರು.

“ಆರನೇದು?”

“ಅದು ಬೈಗುಳ ಅಲ್ಲ,” ಎಂದರು ಮೇಷ್ಟ್ರು. “ಬೈಸ್ಕೊಂಡು, ಕೈ ಕೊಟ್ಟು, ಅವಳನ್ನ ಎಬ್ಬಿಸಿದ್ಮೇಲೆ ಅವಳು ಆಡೋ ಮಾತು.”

ಎಬ್ಬಿಸಲು ಅಲ್ಲಿ ಯಾರೂ ಇರಲಿಲ್ಲ. ಅವರು ಆ ಹಾಳೆಯನ್ನೂ ಉಳಿದವುಗಳ ಜೊತೆ ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದರು.